ತವರಿಗೆ ಬರುವ ಹಕ್ಕಿಗಳು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಮಾಘಮಾಸದಲ್ಲಿ ಹೋದವರಿಗೆ ದುರ್ಬೀನು ಬೇಕಾಗದು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ಮಗ್ಗುಲಿನ ಹುಣಿಸೆಮರಗಳಲ್ಲಿಯೇ ಗೂಡು ಕಟ್ಟಿರುತ್ತವೆ. ಕೆಳಗೆ ದನಗಳು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿರುತ್ತವೆ. ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಈ ಹಕ್ಕಿಗಳನ್ನು ಭಾವಿಸುವರು. ಆದರೆ ತವರಿನ ಉಪಚಾರವೇನು ಸುಲಭವೆ? ಹಿಕ್ಕೆಯ ನಾತವನ್ನು ಸಹಿಸಬೇಕು, ಹುಣಿಸೆಯ ಫಸಲಿನ ಆಸೆಯನ್ನು ಬಿಡಬೇಕು. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವುದೆಂಬುದೊಂದು ಸಮಾಧಾನ. ಗೂಡಿನಿಂದ ಜಾರಿ ಬಿದ್ದ ಮರಿಯ ಪಾಡಂತೂ ದಾರುಣವಾದುದು. ಅದಕ್ಕೆ ಉಣಿಸಲು ತಾಯಿ ಕೆಳಗಿಳಿದು ಬರುವುದಿಲ್ಲ, ನಾಯಿ ಬಂದೀತು. 1994ರಲ್ಲಿ ಆರಂಭವಾದ ಹೆಜ್ಜಾರ್ಲೆ ಬಳಗದ ತರುಣರು ಅಂಥ ಮರಿಗಳನ್ನು ಎತ್ತಿ ತಂದು, ತಂತಿಬೇಲಿಯೊಳಗಿರಿಸಿ, ಮೀನು ತಿನ್ನಿಸಿ ಸಲಹತೊಡಗಿದರು. ರೆಕ್ಕೆ ಬಲಿತ ಮೇಲೆ ಮರಿ ತನ್ನ ಬಳಗವನ್ನು ಸೇರಲು ಹಾರಿಹೋಗುವುದು.