ಮಳೆಗಾಲದ ಓಟಕ್ಕೆ ಎಂತಹ ಪಾದರಕ್ಷೆ?

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ, ನಿವೃತ್ತ ಮುಖ್ಯೋಪಾಧ್ಯಾಯರಾದ ನಮ್ಮಿಂದ ಗಡಿನಾಡಿನ ಕನ್ನಡ ಶಾಲೆಗಳ ಅಳಲನ್ನೋ ಸೊನ್ನಲಿಗೆಯ ಸಿದ್ಧರಾಮೇಶ್ವರರ ಕೆರೆಯ ಮಹಿಮೆಯನ್ನೋ ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಇದ್ದಾರೆ. ನಾವು ಬರೆಯಹೊರಟಿರುವುದು ಬೂಟಿನ ವಿಚಾರ. ಪಾದರಕ್ಷೆಯೆಂಬುದು ಸಭಾಮಂಟಪದ ಬಾಗಿಲಲ್ಲಿ ಬಿಟ್ಟು ಬರತಕ್ಕ ವಸ್ತುವೆಂದು ಯಾರಾದರೂ ನಕ್ಕರೆ, ಕಲ್ಯಾಣದ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ಬಸವಣ್ಣನವರಿಗಾಗಿ ಮಾಡಿದ ಪಾದರಕ್ಷೆಗಳ ಕಥೆಯನ್ನು ನೆನಪಿಸಿ ಮುಂದುವರಿಯುತ್ತೇವೆ. ಕನ್ನಡಿಗರ ಇತಿಹಾಸದಲ್ಲಿ ಒಂದು ಜೊತೆ ಜೋಡು ಎಷ್ಟು ತೂಕದ್ದೆಂಬುದು ಅದರಿಂದ ತಿಳಿದೀತು.

ಸೋಲಾಪುರದಿಂದ ಪುಣೆ ರಸ್ತೆಯಲ್ಲಿರುವ ಚಿಂಚೋಳಿ ಎಂಐಡಿಸಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅಕ್ಕಲಕೋಟೆ, ಇಂಡಿ, ಅಫಜಲಪುರ ಕಡೆಯಿಂದ ಬಂದು ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮಾಡಿ, ಬಾಡಿಗೆಯ ಖೋಲಿಗಳಲ್ಲಿ ಸಂಸಾರ ಹೂಡಿದವರು. ಬೆಳಗಿನ ಐದು ಗಂಟೆಗೆ, ಲಾರಿಗಳ ಸದ್ದು ಏರುವ ಮುನ್ನ, ಅಲ್ಲಿನ ಒಳರಸ್ತೆಗಳಲ್ಲಿ ಇವರ ಮಕ್ಕಳು ಓಡುತ್ತಾರೆ. ಆರೋಗ್ಯಕ್ಕಾಗಿ ಓಡುವವರು ಕಡಿಮೆ. ಪೊಲೀಸ್ ಭರ್ತಿಗಾಗಿ, ಸೈನ್ಯದ ಭರ್ತಿಗಾಗಿ ಓಡುವವರೇ ಹೆಚ್ಚು.

ಸೋಲಾಪುರವು ಮಳೆನೆರಳಿನ ಸೀಮೆ, ಇಲ್ಲಿ ಒದ್ದೆ ನೆಲದ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. 2020ರ ಅಕ್ಟೋಬರ್‌ನಲ್ಲಿ ಬೋರಿ ನದಿ ಉಕ್ಕಿ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಕಂಡವರು ಹಾಗೆ ಕೇಳುವುದಿಲ್ಲ. ಅದು ಹೋಗಲಿ, ನಮ್ಮ ಎರೆ ಮಣ್ಣಿಗೆ ಪ್ರವಾಹವೇ ಬೇಕೆಂದಿಲ್ಲ; ಮಿರಗದ ಒಂದು ಹದ ಮಳೆ ಸಾಕು. ನೀರು ಕುಡಿದು ಉಬ್ಬುವ ಜೇಡಿಯ ಅಂಶ ಈ ಮಣ್ಣಿನಲ್ಲಿ ಅಧಿಕ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲವೇ ಮಳೆಗಾಲದಲ್ಲಿ ರಾಡಿಯಾಗಿ, ಒಂದೊಂದು ಹೆಜ್ಜೆಗೂ ಒಂದೊಂದು ಮುದ್ದೆಯಂತೆ ಕಾಲಿಗಂಟಿಕೊಳ್ಳುತ್ತದೆ.

2024ರ ಜೂನ್ ಮೊದಲ ವಾರ. ಕಾರ್ಖಾನೆಯೊಂದರಲ್ಲಿ ಮಾಲು ಏರಿಸಿ ಇಳಿಸುವ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಮಹಾರಾಷ್ಟ್ರದಲ್ಲಿ ಆ ವರ್ಷ 17,471 ಪೊಲೀಸ್ ಹುದ್ದೆಗಳಿಗೆ 17 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. ಮೈದಾನದ ಪರೀಕ್ಷೆಯು ಜೂನ್ 19ರಿಂದ, ಅಂದರೆ ಸರಿಯಾಗಿ ಮಳೆಯ ಬಾಯಲ್ಲಿ, ಆರಂಭವಾಗುವುದಿತ್ತು. ಐವತ್ತು ಅಂಕಗಳಲ್ಲಿ ಹೆಣ್ಣುಮಕ್ಕಳಿಗೆ 800 ಮೀಟರ್ ಓಟಕ್ಕೆ 20, 100 ಮೀಟರ್ ಓಟಕ್ಕೆ 15, ಗುಂಡು ಎಸೆತಕ್ಕೆ 15. ಕೆಲವೇ ಸೆಕೆಂಡುಗಳು ಹೆಚ್ಚಾದರೆ ಅಂಕಗಳು ಜಾರುತ್ತವೆ. ಹುಡುಗಿಯ ಬೂಟು ಹಿಂದಿನ ದಿನದ ಮಳೆಯಲ್ಲಿ ಬಾಯಿ ಬಿಟ್ಟಿತ್ತು.

“ಸರ್, ನೀರ ಒಳಗ ಹೋಗದಂಥಾ ಬೂಟ ಬರ್ತಾವಂತ್ರಿ. ಅವನ್ನ ಕೊಡಸೂನ್ರಿ. ರೊಕ್ಕ ಹ್ಯಾಂಗರ ಮಾಡ್ತೀನಿ,” ಎಂದರು ತಂದೆ. ಅಂಗಡಿಯಲ್ಲಿ ವಿಚಾರಿಸಿ ಬಂದಿದ್ದರು: ಹತ್ತು ಸಾವಿರದ ಆಸುಪಾಸು. ಮಗಳು ನೆಲ ನೋಡುತ್ತ ನಿಂತಿದ್ದಳು. ಆ ಹಣವೆಂದರೆ ಆ ಮನೆಯ ಬಾಡಿಗೆ, ಕಿರಾಣಿ ಮತ್ತು ತಮ್ಮನ ಶಾಲೆಯ ವೆಚ್ಚ ಎಂಬುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಎರಡು ದಿನ ತಡೆಯಿರೆಂದು ಹೇಳಿದೆವು. ನಮ್ಮ ಮಗನು ಕಳಿಸಿಕೊಟ್ಟ ಜಲನಿರೋಧಕ ಬೂಟಿನ ಜೊತೆಯೊಂದು ನಮ್ಮಲ್ಲಿತ್ತು. ಅದರ ಒಳಗುಟ್ಟು ಇಷ್ಟು: ದೋಸೆ ಅಂಟದ ಹಂಚಿಗೆ ಬಳಿಯುತ್ತಾರಲ್ಲ, ಆ ಟೆಫ್ಲಾನ್ ಜಾತಿಯ ವಸ್ತುವನ್ನು 1969ರಲ್ಲಿ ಬಾಬ್ ಗೋರ್ ಎಂಬ ಅಮೆರಿಕದ ತಂತ್ರಜ್ಞರು ಬಿಸಿ ಮಾಡಿ ಸರ್ರನೆ ಜಗ್ಗಿದಾಗ, ಅದು ಹರಿಯದೆ, ಅಸಂಖ್ಯ ಸೂಕ್ಷ್ಮ ರಂಧ್ರಗಳುಳ್ಳ ಪೊರೆಯಾಯಿತು. ಆ ರಂಧ್ರಗಳಲ್ಲಿ ನೀರಿನ ಹನಿ ತೂರದು, ಬೆವರಿನ ಆವಿ ತೂರುತ್ತದೆ. ಗೋರ್‌ಟೆಕ್ಸ್ ಎಂಬ ಹೆಸರಿನಿಂದ ಈ ಪೊರೆಯು ಮಳೆಯಂಗಿಗೂ ಬೂಟಿಗೂ ಒಳಪದರವಾಯಿತು. ಜಾಣತನದ ಕೆಲಸವೇ. ಆದರೆ ಬೂಟಿಗೆ ಕಾಲು ಹಾಕಲು ಮೇಲೊಂದು ಬಾಯಿ ಇರಲೇಬೇಕು. ಓಡುವವರ ಕಾಲಿನ ಮೇಲೆ ಬಿದ್ದ ಮಳೆ ಮೀನಖಂಡದಿಂದ ಇಳಿದು, ಕಾಲುಚೀಲವನ್ನು ತೋಯಿಸಿ, ಆ ಬಾಯಿಯಿಂದಲೇ ಒಳಗಿಳಿಯುತ್ತದೆ. ಹೊರಗಿನ ನೀರನ್ನು ಒಳಗೆ ಬಿಡದ ಪೊರೆಯು ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ.

ನಾವು ಬಿ.ಎ. ಓದಿದವರು, ಪ್ರಯೋಗವು ವಿಜ್ಞಾನದ ಮಾಸ್ತರರ ಸೀಮೆ. ಆದರೂ ಕೈ ಹಾಕಿದೆವು. ನಮ್ಮ ಜಲನಿರೋಧಕ ಬೂಟಿಗೂ ಹುಡುಗಿಯ ಹರಿದ ಜಾಳಿಗೆ ಬೂಟಿಗೂ ಒಂದೊಂದು ತಂಬಿಗೆ ನೀರು ಹೊಯ್ದೆವು. ಜಾಳಿಗೆಯದು ಸೋರಿತು, ಕುಲುಕಿದಾಗ ಉಳಿದ ನೀರೂ ಚೆಲ್ಲಿತು, ಮರುದಿನ ಮಧ್ಯಾಹ್ನಕ್ಕೆ ಹೆಚ್ಚುಕಡಿಮೆ ಒಣಗಿತು. ನಮ್ಮದು ತಂಬಿಗೆಯಂತೆಯೇ ನೀರು ಹಿಡಿದು ನಿಂತಿತು. ಬೋರಲು ಹಾಕಿ, ವೃತ್ತಪತ್ರಿಕೆ ತುರುಕಿ, ಫ್ಯಾನಿನ ಕೆಳಗಿಟ್ಟರೂ ಮೂರನೆಯ ದಿನ ಬೆರಳ ತುದಿಗೆ ತಣ್ಣಗೆ ಹತ್ತುತ್ತಿತ್ತು. ಮನೆಯವರು ಮಾತ್ರ ಆ ತಂಬಿಗೆಯನ್ನು ಅಡುಗೆಮನೆಗೆ ಮರಳಿ ಸೇರಿಸಲಿಲ್ಲ.

ಹಾಗೆಂದು ಜಲನಿರೋಧಕ ಬೂಟು ನಿಷ್ಪ್ರಯೋಜಕವೆಂದು ತಿಳಿಯಬಾರದು. ಹಿಮ ಬೀಳುವ ಶೀತದೇಶಗಳಲ್ಲಿ ಅದು ಪಾದವನ್ನು ಬೆಚ್ಚಗಿಡುತ್ತದೆ. ನಮ್ಮಂತಹ ಎಪ್ಪತ್ತು ದಾಟಿದವರು ಇಬ್ಬನಿ ಹುಲ್ಲಿನ ಮೇಲೆ, ತೆಳು ನೀರಿನಲ್ಲಿ, ಮೆಲ್ಲನೆ ನಡೆಯುವುದಕ್ಕೆ ಅದು ಉತ್ತಮ. ಸಕ್ಕರೆ ಕಾಯಿಲೆಯುಳ್ಳವರ ಪಾದ ಒದ್ದೆಯಲ್ಲಿ ನೆನೆಯದಿರುವುದು ಎಷ್ಟು ಮುಖ್ಯವೆಂದು ವೈದ್ಯರೂ ಹೇಳುತ್ತಾರೆ. ನಮ್ಮ ಸೆಕೆಯಲ್ಲಿ ಏದುಸಿರು ಬಿಟ್ಟು ಓಡುವವರ ಮಾತು ಬೇರೆ. ಹೊರಗಿನ ಗಾಳಿಯೇ ಆವಿಯಿಂದ ತುಂಬಿರುವಾಗ, ಬೂಟಿನ ಮೇಲ್ಬಟ್ಟೆ ತೊಯ್ದು ತೊಪ್ಪೆಯಾಗಿರುವಾಗ, ಬೆವರಿನ ಆವಿ ಎಲ್ಲಿಗೆ ಹೋಗಬೇಕು?

ಆದುದರಿಂದ ಓಟಗಾರರು ನೀರನ್ನು ತಡೆಯುವ ಬೂಟನ್ನು ಹುಡುಕುವುದಕ್ಕಿಂತ ನೀರನ್ನು ಬೇಗ ಬಿಟ್ಟುಕೊಡುವ ಬೂಟನ್ನು ಹುಡುಕುವುದು ಲೇಸು. ಅದಕ್ಕಿಂತ ದೊಡ್ಡ ವಿಚಾರ ಅಟ್ಟೆಯದು. ಅಂಗಡಿಯಲ್ಲಿ ಎಲ್ಲರೂ ಬೂಟಿನ ಬಣ್ಣ ನೋಡುತ್ತಾರೆ. ಮಗುಚಿ ನೋಡುವವರು ವಿರಳ. ಬರಿಯ ಸ್ಪಂಜಿನ ಅಟ್ಟೆಯು ಹಗುರ, ಅಗ್ಗ, ಆದರೆ ನುಣುಪಾದ ಒದ್ದೆ ನೆಲದಲ್ಲಿ ಜಾರುತ್ತದೆ. ಉಗುರಿನಿಂದ ಒತ್ತಿದರೆ ತುಸು ಮಣಿಯುವ ರಬ್ಬರಿನ ಪದರ ಕೆಳಗಿರಬೇಕು. ಎಂಐಡಿಸಿ ರಸ್ತೆಗಳಲ್ಲಿ ಲಾರಿಗಳಿಂದ ಸೋರಿದ ಎಣ್ಣೆಯು ಮೊದಲ ಮಳೆಗೆ ಮೇಲೆದ್ದು ಕಾಮನಬಿಲ್ಲಿನಂತೆ ಹೊಳೆಯುತ್ತದೆ. ಆ ಬಣ್ಣ ಕಂಡಲ್ಲಿ, ಮತ್ತು ಚರಂಡಿಯ ಕಬ್ಬಿಣದ ಮುಚ್ಚಳದ ಮೇಲೆ, ಯಾವ ಬೂಟನ್ನೂ ನಂಬಲಾಗದು. ಎರೆ ಮಣ್ಣಿನ ಮೈದಾನಕ್ಕಾದರೆ ಅಟ್ಟೆಯ ಹಲ್ಲುಗಳು ಎತ್ತರವಾಗಿ, ದೂರದೂರ ಇರಬೇಕು. ಒತ್ತೊತ್ತಾದ ಸಣ್ಣ ಹಲ್ಲುಗಳ ನಡುವೆ ರಾಡಿ ತುಂಬಿ ಅಟ್ಟೆಯೇ ನುಣುಪಾಗಿಬಿಡುತ್ತದೆ.

ಕಾಲುಚೀಲದ ಮಾತನ್ನು ಸೋಲಾಪುರದಲ್ಲಿ ಹೇಳಲು ಸಂಕೋಚವೆನಿಸುತ್ತದೆ. ಚಾದರಕ್ಕೂ ಟವೆಲ್ಲಿಗೂ ದೇಶದಲ್ಲಿ ಹೆಸರಾದ ಊರು ಇದು. ಹತ್ತಿಯೇ ನಮ್ಮ ಅನ್ನ. ಆದರೆ ನೀರು ಹೀರಿ ಹಿಡಿದಿಟ್ಟುಕೊಳ್ಳುವುದು ಟವೆಲ್ಲಿನ ಧರ್ಮ, ಕಾಲುಚೀಲದ್ದಲ್ಲ. ಹತ್ತಿಯ ಚೀಲ ತೊಯ್ದರೆ ಮಡಿಕೆ ಬಿದ್ದು, ನೆನೆದು ಮೆತ್ತಗಾದ ಚರ್ಮವನ್ನು ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ. ಓಟಕ್ಕೆ ತೆಳುವಾದ ಕೃತಕ ನೂಲಿನ ಚೀಲವೇ ಯೋಗ್ಯ. ಬೆರಳ ಸಂದಿಗೆ, ಹಿಮ್ಮಡಿಗೆ ಒಂದಿಷ್ಟು ವ್ಯಾಸಲೀನ್.

ಇಷ್ಟನ್ನು ಮನದಟ್ಟು ಮಾಡಿಕೊಂಡು ನವಿ ಪೇಠೆಯ ಕಡೆಗೆ ಸಾಯಂಕಾಲ ಹೋದೆವು. ಹಗಲೆಲ್ಲ ನಿಂತು ನಡೆದು ಪಾದ ತುಸು ಊದಿರುವ ಹೊತ್ತಿನಲ್ಲಿ ಅಳತೆ ನೋಡುವುದು ಸರಿಯಾದ ಕ್ರಮ. ಮೊದಲ ಅಂಗಡಿಯಲ್ಲಿ ಹೆಣ್ಣುಮಕ್ಕಳ ಓಟದ ಬೂಟು ಗುಲಾಬಿ ಬಣ್ಣದ ಒಂದೇ ಮಾದರಿ. ಅವಳ ಪಾದ ಅಗಲ, ಅದು ಹಿಡಿಯಿತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದಗಳನ್ನು ಅಳೆದು, ಅವು ಪಾಶ್ಚಾತ್ಯರ ಪಾದಗಳಿಗಿಂತ ಅಗಲವೆಂದು ಕಂಡು, ‘ಭ’ ಎಂಬ ನಮ್ಮದೇ ಅಳತೆಯ ಕ್ರಮವನ್ನು ರೂಪಿಸಿದ್ದಾರೆ. ಅಂಗಡಿಯಲ್ಲಿ ಇನ್ನೂ ಇಂಗ್ಲೆಂಡಿನ ಅಳತೆಯೇ. ಕೊನೆಗೆ ಮೂರನೆಯ ಅಂಗಡಿಯಲ್ಲಿ ಗಂಡುಹುಡುಗರ ಚಿಕ್ಕ ಅಳತೆಯ, ಅಗಲ ಮೂತಿಯ, ಜಾಳಿಗೆ ಮೈಯ ಬೂಟು ಸಿಕ್ಕಿತು. ಅವಳು ಕಟ್ಟಿಕೊಂಡು ಅಂಗಡಿಯ ಹೊರಗಿನ ಒದ್ದೆ ಫರಸಿಯ ಮೇಲೆ ನಾಲ್ಕು ಹೆಜ್ಜೆ ಓಡಿ ಬಂದಳು. ಮುಂದೆ ಹೆಬ್ಬೆರಳ ಅಗಲದ ಜಾಗವಿತ್ತು, ಹಿಮ್ಮಡಿ ಕದಲಲಿಲ್ಲ.

“ಸರ್, ಇದರಾಗ ನೀರ ಹೋಗ್ತದಲ್ರಿ?” ತಂದೆಗೆ ಇನ್ನೂ ಅನುಮಾನ.

“ಹೋಗಲಿ ಬಿಡಪ್ಪಾ, ಹೊರಗೂ ಬರ್ತದ,” ಎಂದಳು ಮಗಳು.

ಬೆಲೆ 1,900 ರೂಪಾಯಿ. ಉಳಿದ ಹಣದ ವಿಚಾರವಾಗಿ ಆ ತಂದೆ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಆದರೆ ಇಳಿಯುವಾಗ ನಮ್ಮ ಚೀಲವನ್ನು ತಾವೇ ಹೊತ್ತುಕೊಂಡರು.

ಹೊಸ ಬೂಟನ್ನು ಪರೀಕ್ಷೆಯ ದಿನ ಮೊದಲ ಬಾರಿಗೆ ತೊಡಬಾರದೆಂದು, ಅಂದಿನಿಂದಲೇ ಮಳೆಯಲ್ಲಿ ಓಡಿ ಪಳಗಿಸಬೇಕೆಂದು, ಒಲೆಯ ಮುಂದೆ ಒಣಗಿಸಿದರೆ ಅಂಟು ಬಿಡುವುದೆಂದು ಹೇಳಿದ್ದೆವು. ಅವಳ ಸರದಿ ಬಂದ ದಿನ ಬೆಳಗಿನಿಂದ ಜಿಟಿಜಿಟಿ ಹಿಡಿದಿತ್ತು. ಮೈದಾನದಲ್ಲಿ ಅನೇಕರು ಬರಿಗಾಲಿನಲ್ಲಿ ಓಡಿದರಂತೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. 1960ರ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲಿಯೇ ಗೆದ್ದರು. ಆದರೆ ಬಿಕಿಲ ಓಡಿದ್ದು ರೋಮ್ ನಗರದ ರಸ್ತೆಯ ಮೇಲೆ, ನಮ್ಮ ರಾಡಿಯಲ್ಲಲ್ಲ. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಬೂಟು ತೊಟ್ಟೂ ಗೆದ್ದರು. ನಮ್ಮ ಹುಡುಗಿ ಒಂದು ತಿರುವಿನಲ್ಲಿ ಜಾರಿದಳು, ಬೀಳಲಿಲ್ಲ. ಓಟದ ಅಂಕಗಳು ಚೆನ್ನಾಗಿಯೇ ಬಂದವು.

ಆಯ್ಕೆಯ ಪಟ್ಟಿಯಲ್ಲಿ ಮಾತ್ರ ಅವಳ ಹೆಸರಿರಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಮರಾಠಿ ವ್ಯಾಕರಣದ ಭಾಗ ಅವಳನ್ನು ಹಿಂದೆ ಬೀಳಿಸಿತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು. ಈಗ ವಾರಕ್ಕೆ ಮೂರು ಸಂಜೆ ನಮ್ಮ ಮನೆಗೆ ಬಂದು, ಕನ್ನಡದ ಸಂಧಿ ಸಮಾಸಗಳ ಪಕ್ಕದಲ್ಲಿ ಮರಾಠಿಯವನ್ನು ಇಟ್ಟುಕೊಂಡು ಕಲಿಯುತ್ತಾಳೆ. ಬೆಳಗಿನ ಓಟವನ್ನು ಬಿಟ್ಟಿಲ್ಲ. ಮೊನ್ನೆ ಆ ಬೂಟನ್ನು ಮಗುಚಿ ನೋಡಿದೆವು: ಬಲಗಾಲಿನ ಹೊರ ಅಂಚಿನ ಹಲ್ಲುಗಳು ಪೂರ್ತಿ ಸವೆದಿವೆ, ಎಡಗಾಲಿನವು ಅರ್ಧ ಉಳಿದಿವೆ. ಮುಂದಿನ ಮಿರಗದ ಮೊದಲು ಬೇರೆ ಜೊತೆ ತರಬೇಕು. ಅವಳ ತಂದೆಗೆ ಹೇಳಿ ಕಳಿಸಿದ್ದೇವೆ.