ಬಾಗಿಲಲ್ಲಿ ನಿಂತ ಅಕ್ಷರ

ಯಲ್ಲಮ್ಮನ ಗುಡ್ಡದ ಬುಡದ ಉಗರಗೋಳದಲ್ಲಿ ಬನದ ಹುಣ್ಣಿವೆಯ ಜನಸಂದಣಿಯನ್ನು ಕಂಡವರು ಮರೆಯಲಾರರು. 2000ದ ಸುಮಾರಿಗೆ ಅಂತಹದೊಂದು ಜಾತ್ರೆಯ ಮುಂಚೆ ಆ ಊರಿನ ಬೆರಳಚ್ಚಿನ ತರುಣನೊಬ್ಬನು ದಾಸೋಹದ ಕರಪತ್ರವನ್ನು ತನ್ನ ಗಣಕಯಂತ್ರದಲ್ಲಿ ಬರೆದು, ಫ್ಲಾಪಿಯಲ್ಲಿಟ್ಟುಕೊಂಡು ಸವದತ್ತಿಯ ಮುದ್ರಣಾಲಯವೊಂದಕ್ಕೆ ಹೋದನು. ಅಲ್ಲಿಯ ಯಂತ್ರದಲ್ಲಿ ತೆರೆದು ನೋಡಲು ಅಮ್ಮನವರ ಹೆಸರಿದ್ದೆಡೆಯಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸುಮೇಲೋಗರವಾಗಿ ಕುಳಿತಿದ್ದವು. “ನಿನ್ನ ಫಾಂಟ್ ನಮ್ಮಲ್ಲಿ ಇಲ್ಲೋ ತಮ್ಮಾ” ಎಂದರು ಮುದ್ರಕರು. ಅವನು ಅಲ್ಲಿಯೇ ಕುಳಿತು ಎಲ್ಲವನ್ನೂ ಮೊದಲಿನಿಂದ ಬರೆದನು.

ದೋಷವು ಅವನದಲ್ಲ. ಆ ದಿನಗಳ ಕನ್ನಡ ತಂತ್ರಾಂಶಗಳು ಇಂಗ್ಲಿಷಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂಡ್ರಿಸಿ ಕೆಲಸ ಸಾಗಿಸುತ್ತಿದ್ದವು. 1998ರಲ್ಲಿ ಶೇಷಾದ್ರಿವಾಸು ಅವರು ಕೊಟ್ಟ ‘ಬರಹ’ವೂ ಕನ್ನಡ ಗಣಕ ಪರಿಷತ್ತಿನವರ ‘ನುಡಿ’ಯೂ ಇಲ್ಲದಿದ್ದರೆ ಅಷ್ಟೂ ಆಗುತ್ತಿದ್ದಿಲ್ಲ, ಆದರೆ ಬಾಡಿಗೆಯ ಮನೆ ಬಾಡಿಗೆಯದೇ.

ಸ್ವಂತ ನಿವೇಶನವಾದರೋ ಆಗಲೇ ದೊರೆತಿದ್ದಿತು. 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಖಂಡವೊಂದಿದ್ದಿತು. ಆದರೆ ಸ್ಥಾನವಿದ್ದ ಮಾತ್ರಕ್ಕೆ ಅಕ್ಷರವು ತೆರೆಯ ಮೇಲೆ ಮೂಡದು. ಕಕಾರ, ಹಲಂತಚಿಹ್ನೆ, ಷಕಾರಗಳನ್ನು ಒಂದಾದಮೇಲೊಂದು ಕೊಟ್ಟರೆ ಅವನ್ನು ‘ಕ್ಷ’ ಎಂದು ಕೂಡಿಸುವದು ಯಂತ್ರದ ಮೂಲತಂತ್ರಾಂಶದ ಕೆಲಸ. ಪಾಠಶಾಲೆಯ ವಟುವು ಆರಂಭದಲ್ಲಿಯೇ ಕಲಿಯುವ ಪಾಠವಿದು! ಮೈಕ್ರೋಸಾಫ್ಟ್ ಸಂಸ್ಥೆಯವರು ಇದನ್ನು ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಅಳವಡಿಸಿದರು, ಕನ್ನಡಕ್ಕೆ ಅಳವಡಿಸಲಿಲ್ಲ. ಕನ್ನಡಿಗನು ದಾನ ಬೇಡಿರಲಿಲ್ಲವೆಂಬುದನ್ನು ವಾಚಕರು ನೆನೆಯಬೇಕು. ಹಿಂದೀ ಬರೆಯುವವನು ತೆತ್ತ ಬೆಲೆಯನ್ನೇ ಅವನೂ ತೆತ್ತಿದ್ದನು.

ಕನ್ನಡದ ಸರದಿಯು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಫಾಂಟಿನೊಡನೆ ಬಂದಿತು. ಹೆಸರೇನೋ ಪಾವನವಾದುದು, ಆದರೆ ಭಾರತೀಯ ಲಿಪಿಗಳ ಸೌಕರ್ಯವನ್ನು ಮೂಲ ಸಿ.ಡಿ. ಹಾಕಿ ಬೇರೆಯಾಗಿ ಅಳವಡಿಸಿಕೊಳ್ಳಬೇಕಾಗಿದ್ದಿತು. ಮೇಲಾಗಿ ಆ ತಂತ್ರಾಂಶಕ್ಕೆ ಕನಿಷ್ಠ 64 ಎಂ.ಬಿ. ಸ್ಮೃತಿ ಬೇಕು, ತರುಣನ ಯಂತ್ರದಲ್ಲಿದ್ದುದು 32. ಹಳೆಯ ಯಂತ್ರಕ್ಕೆ ಆ ಒಂದು ಸೌಕರ್ಯವನ್ನಷ್ಟೇ ಬಿಡಿಯಾಗಿ ಕೊಡುವ ಮನಸ್ಸು ತಯಾರಕರಿಗೆ ಬರಲಿಲ್ಲ.

ಕೆಲವು ವರ್ಷಗಳ ತರುವಾಯ ಅವನು ಸಾಲಮಾಡಿ ಹೊಸ ಯಂತ್ರವನ್ನು ತಂದನು. ಬರೆದುದು ಎಲ್ಲೆಡೆಯಲ್ಲಿಯೂ ಕನ್ನಡವಾಗಿಯೇ ತೆರೆಯಿತು. ಹಿಂದಿನ ಅರ್ಜಿಗಳು, ಲಗ್ನಪತ್ರಿಕೆಗಳು, ಕರಪತ್ರಗಳು ಮಾತ್ರ ಹಳೆಯ ಸಂಕೇತದಲ್ಲಿಯೇ ಉಳಿದವು. ಅವನ್ನು ಒಂದೊಂದಾಗಿ ಪರಿವರ್ತಿಸಿ, ಅರ್ಕಾವೊತ್ತು ಸ್ಥಾನ ತಪ್ಪಿದೆಡೆಗಳನ್ನು ಕೈಯಿಂದ ತಿದ್ದುತ್ತ ಕೂಡ್ರುವದು ಅವನ ಮಳೆಗಾಲದ ಕೆಲಸವಾಯಿತು.