ಚಾರ್ಮಾಡಿ ಘಟ್ಟದಲ್ಲಿ ಒಂದು ಹಗಲು

ನಮ್ಮ ಹಿರಿಯರು ಧರ್ಮಸ್ಥಳದ ಯಾತ್ರೆಗೆ ಹೊರಡುವಾಗ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ನಿಶ್ಚಯಿಸುತ್ತಿದ್ದರು. ಎತ್ತುಗಳಿಗೆ ನೀರು, ಮಕ್ಕಳಿಗೆ ನೆರಳು, ಪೂಜೆಗೆ ಶುಚಿಯಾದ ಸ್ಥಳ ಇವು ಮೂರೂ ಒದಗುವೆಡೆಯಲ್ಲಿ ಗಾಡಿ ನಿಲ್ಲುತ್ತಿತ್ತು. ಈಗ ವಾಹನದ ವೇಗ ಹೆಚ್ಚಿದೆ. ನಿಲ್ಲುವ ವ್ಯವಧಾನ ಕಡಿಮೆಯಾಗಿದೆ. ಆದುದರಿಂದ ಕಳೆದ ಭಾದ್ರಪದದಲ್ಲಿ ಮರಳೂರಿನ ಎರಡು ಕುಟುಂಬಗಳೊಡನೆ ನಾವು ಕರಾವಳಿಯ ಕಡೆಗೆ ಹೊರಟಾಗ, ಅವಸರವಿಲ್ಲದೆ ಅಲ್ಲಲ್ಲಿ ನಿಂತು ಸಾಗಬೇಕೆಂದು ಮೊದಲೇ ಒಪ್ಪಂದ ಮಾಡಿಕೊಂಡೆವು.

ತುಮಕೂರಿನಿಂದ ಮಂಗಳೂರಿಗೆ ಹೋಗುವ 73ನೆಯ ರಾಷ್ಟ್ರೀಯ ಹೆದ್ದಾರಿ ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರಗಳ ಮೇಲೆ ಸಾಗಿ, ಹಳೇಬೀಡು, ಬೇಲೂರು, ಮೂಡಿಗೆರೆಗಳನ್ನು ದಾಟಿ ಘಟ್ಟವನ್ನು ಇಳಿಯುತ್ತದೆ. ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ದರ್ಶನ ಪಡೆದೆವು. ‘ಭಾವಚಿಂತಾರತ್ನ’ವನ್ನು ರಚಿಸಿದ ಮಲ್ಲಣಾರ್ಯನ ಊರೂ ಇದೇ. ತಿಪಟೂರಿನವರೆಗೂ ತೆಂಗಿನ ತೋಟಗಳ ಸಾಲು. ಅರಸೀಕೆರೆಯಲ್ಲಿ ಇಷ್ಟಲಿಂಗ ಪೂಜೆ, ಪ್ರಸಾದಗಳನ್ನು ಪೂರೈಸಿಕೊಂಡು ಮುಂದೆ ಸಾಗಿದೆವು. ಹಳೇಬೀಡಿನ ಹೊಯ್ಸಳೇಶ್ವರಾಲಯವು ಬೇಲೂರು, ಸೋಮನಾಥಪುರಗಳ ದೇವಾಲಯಗಳೊಡನೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿನ ಶಿಲ್ಪವೈಭವವನ್ನು ಬಲ್ಲವರು ಅನೇಕರು ಬರೆದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಮೂಡಿಗೆರೆಯನ್ನು ದಾಟಿದ ಮೇಲೆ ಗಾಳಿಯೇ ಬೇರೆಯಾಯಿತು. ಬಣಕಲ್ ಪರಿಸರದಲ್ಲಿ ಹರಿಯುವ ಹೊಳೆಯನ್ನು ತೋರಿಸಿ, “ಇದು ಯಾವುದು ಬಲ್ಲೆಯಾ?” ಎಂದು ಜೊತೆಯಲ್ಲಿದ್ದ ಬಾಲಕನನ್ನು ಕೇಳಿದೆವು. ಅವನಿಗೆ ತಿಳಿಯದು. ಅದು ಹೇಮಾವತಿ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, 1979ರಲ್ಲಿ ಪೂರ್ಣಗೊಂಡ ಗೊರೂರಿನ ಜಲಾಶಯದಲ್ಲಿ ತಂಗಿ, ಕಾಲುವೆಯ ಮೂಲಕ ನಮ್ಮ ಜಿಲ್ಲೆಗೆ ಬರುವ ನದಿ. ಬುಗುಡನಹಳ್ಳಿ ಕೆರೆಯಿಂದ ತುಮಕೂರು ನಗರದ ಮನೆಗಳಿಗೆ ಬರುವುದು ಇದೇ ನೀರು. “ನಮ್ಮ ನಲ್ಲಿಯ ನೀರು ಇಷ್ಟು ದೂರದಿಂದ ಬರುತ್ತದೆಯೇ, ತಾತ?” ಎಂದು ಅವನು ಬೆರಗಾದನು.

ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಉಪಾಹಾರ ಮುಗಿಸಿ ಘಟ್ಟವನ್ನು ಪ್ರವೇಶಿಸಿದೆವು. ಮಂಜು ರಸ್ತೆಯನ್ನು ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು. ತೆರೆದಾಗ ಒಂದು ಕಡೆ ಹಸುರು ಹೊದ್ದ ಕಣಿವೆಯ ಆಳ, ಇನ್ನೊಂದು ಕಡೆ ಬಂಡೆಯ ಮೇಲಿಂದ ರಸ್ತೆಯ ಅಂಚಿಗೇ ಧುಮುಕುವ ತೊರೆಗಳು. ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ಹೋಗಿಬರುವ ವಾಹನಗಳವರು ನಿಂತು ಕೈಮುಗಿಯುವುದು ವಾಡಿಕೆ, ನಾವೂ ನಿಂತೆವು. ಚಾಲಕನು ರಸ್ತೆ ಅಗಲವಾಗಿರುವೆಡೆಯಲ್ಲಲ್ಲದೆ ವಾಹನ ನಿಲ್ಲಿಸಲು ಒಪ್ಪಲಿಲ್ಲ. ಅವನ ಹಟ ಯೋಗ್ಯವಾದುದೇ ಆಗಿತ್ತು. ಪಾಚಿ ಹಿಡಿದ ಬಂಡೆಯನ್ನೇರಿ ಚಿತ್ರ ತೆಗೆಸಿಕೊಳ್ಳುತ್ತಿದ್ದ ಯುವಕರನ್ನು, ಕೋತಿಗಳಿಗೆ ತಿಂಡಿಯ ಪೊಟ್ಟಣ ಎಸೆಯುತ್ತಿದ್ದ ತಾಯಂದಿರನ್ನು ಕಂಡು ನಮಗೆ ಖೇದವಾಯಿತು. ಈ ಗಿರಿ ಗಟ್ಟಿಯಾಗಿ ಕಂಡರೂ ಮೃದುವಾದುದು. 2019ರ ಆಗಸ್ಟ್ ತಿಂಗಳ ಮಳೆಗೆ ಇಲ್ಲಿ ಅನೇಕ ಕಡೆ ಮಣ್ಣು ಕುಸಿದು ಸಂಚಾರ ನಿಂತುಹೋಗಿತ್ತು. ಕೆಳಗೆ ಮೃತ್ಯುಂಜಯ ಹೊಳೆ ಉಕ್ಕಿ ಚಾರ್ಮಾಡಿಯ ಕಡೆಯ ಕೃಷಿಕರ ತೋಟಗಳನ್ನು ಹಾಳುಗೆಡವಿತ್ತು.

ಒಂದು ತಿರುವಿನಲ್ಲಿ ನಾವು ಹೆಚ್ಚು ಹೊತ್ತು ನಿಂತೆವು. ಇಲ್ಲಿ ಬೀಳುವ ನೀರು ಮೃತ್ಯುಂಜಯ ಹೊಳೆಯನ್ನು ಸೇರಿ, ನೇತ್ರಾವತಿಯಾಗಿ ಮಂಗಳೂರಿನ ಬಳಿ ಪಡುಗಡಲಿಗೆ ಇಳಿಯುತ್ತದೆ. ಬೆನ್ನ ಹಿಂದೆ, ಕೆಲವೇ ಹರಿದಾರಿಯಾಚೆ ಬಿದ್ದ ಮಳೆ ಹೇಮಾವತಿಯಾಗಿ ಕಾವೇರಿಯನ್ನು ಕೂಡಿ ಮೂಡಗಡಲಿಗೆ ಹೋಗುತ್ತದೆ. ಮೋಡ ಒಂದೇ, ಬೆಟ್ಟ ಒಂದೇ. ಬಿದ್ದ ಮಗ್ಗುಲು ಮಾತ್ರ ಬೇರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಜಿಲ್ಲೆಯಿಂದ ಬಂದವರಿಗೆ ಈ ಸಮೃದ್ಧಿಯನ್ನು ಕಂಡಾಗ ಆಸೆ ಹುಟ್ಟುವುದು ಸಹಜ. ಜೊತೆಯಲ್ಲಿದ್ದ ಗೃಹಸ್ಥರೊಬ್ಬರು, “ಇಷ್ಟೆಲ್ಲ ನೀರು ಸುಮ್ಮನೆ ಸಮುದ್ರದ ಪಾಲಾಗುತ್ತಿದೆಯಲ್ಲ, ಗುರುಗಳೇ” ಎಂದರು. ಆ ಆಸೆಯಿಂದಲೇ ಸಕಲೇಶಪುರದ ಕಡೆ ಎತ್ತಿನಹೊಳೆ ಯೋಜನೆ ರೂಪುಗೊಂಡಿತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಬಯಲುಸೀಮೆಯ ಜಿಲ್ಲೆಗಳಿಗೆ 24.01 ಟಿ.ಎಂ.ಸಿ. ನೀರು ಒದಗಿಸುವುದು ಅದರ ಉದ್ದೇಶ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರ ಗೌರಿಹಬ್ಬದ ದಿನ ಚಾಲನೆ ದೊರೆಯಿತು. ಆದರೆ ನೇತ್ರಾವತಿಯನ್ನೇ ನಂಬಿದ ದಕ್ಷಿಣ ಕನ್ನಡದವರು ಅದನ್ನು ವಿರೋಧಿಸುತ್ತ ಬಂದಿದ್ದಾರೆ. ಸಮುದ್ರ ಸೇರುವ ನೀರು ದಾರಿಯುದ್ದಕ್ಕೂ ಬಾವಿ, ತೋಟ, ಕಾಡು, ಮೀನುಗಳನ್ನು ಸಲಹಿಯೇ ಸೇರುತ್ತದೆ. ಅದನ್ನು ವ್ಯರ್ಥವೆನ್ನುವುದು ಸರಿಯಲ್ಲವೆಂದು ನಾವು ಆ ಗೃಹಸ್ಥರಿಗೆ ತಿಳಿಸಿದೆವು.

ಪರರ ಮಾತೇಕೆ? ಹೇಮಾವತಿಯ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಷಯದಲ್ಲಿ 2024 ಮತ್ತು 2025ರಲ್ಲಿ ನಮ್ಮ ಜಿಲ್ಲೆಯಲ್ಲಿಯೇ ಪ್ರತಿಭಟನೆಗಳು ನಡೆದುವು. ಕುಣಿಗಲ್ಲಿನವರಿಗೆ ತಮ್ಮ ಪಾಲು ಕೊನೆಯವರೆಗೆ ಮುಟ್ಟುತ್ತಿಲ್ಲವೆಂಬ ಕೊರಗು. ಗುಬ್ಬಿಯ ಕಡೆಯವರಿಗೆ ತಮ್ಮ ಪಾಲು ಕೈತಪ್ಪೀತೆಂಬ ಭಯ. ಎರಡೂ ರೈತರ ಸಂಕಟಗಳೇ. ಗುಬ್ಬಿಯ ಗೋಸಲ ಚನ್ನಬಸವೇಶ್ವರರು ಗುರುಗಳು, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಸಿದ ಸಿದ್ಧಲಿಂಗೇಶ್ವರರು ಅವರ ಶಿಷ್ಯರು ಎಂದು ನಮ್ಮ ಪರಂಪರೆ ನಂಬುತ್ತದೆ. ಗುರುವಿನ ಊರಿಗೂ ಶಿಷ್ಯನ ಊರಿಗೂ ನೀರಿಗಾಗಿ ವೈರ ಬೆಳೆಯಬಾರದು. ಲೆಕ್ಕವನ್ನು ಎರಡೂ ಕಡೆಯವರ ಎದುರಿನಲ್ಲಿ ಬಹಿರಂಗವಾಗಿ ಇಟ್ಟು ಹಂಚಿಕೊಳ್ಳುವುದೇ ದಾಸೋಹದ ದಾರಿ.

ಸಂಜೆಗೆ ಘಟ್ಟವಿಳಿದು ಉಜಿರೆಯ ಮೂಲಕ ಧರ್ಮಸ್ಥಳವನ್ನು ಸೇರಿದೆವು. ಮರುದಿನ ನೇತ್ರಾವತಿಯ ಸ್ನಾನಘಟ್ಟದಲ್ಲಿ ಬಾಲಕನು, “ನೆನ್ನೆ ಬೆಟ್ಟದಲ್ಲಿ ನೋಡಿದ ನೀರು ಇದೇ ಅಲ್ಲವೇ?” ಎಂದು ತಾನಾಗಿಯೇ ಗುರುತಿಸಿದನು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಬಂಧುಗಳಿಗೆ ನಮ್ಮ ಬಿನ್ನಹವಿಷ್ಟೆ: ಘಟ್ಟದಲ್ಲಿ ಸುರಕ್ಷಿತವಾದ ಎಡೆಯಲ್ಲಿ ನಿಲ್ಲಿರಿ, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿರಿ, ಕಂಡ ತೊರೆ ಯಾವ ನದಿಯನ್ನು ಸೇರುವುದೆಂದು ಮಕ್ಕಳಿಗೆ ತಿಳಿಸಿರಿ. ಊರಿಗೆ ಮರಳಿದ ಮೇಲೆ ಮರಳೂರಿನ ಕೆರೆಯ ಏರಿಯ ಮೇಲೂ ಒಮ್ಮೆ ಅವರನ್ನು ನಿಲ್ಲಿಸಿರಿ. ದೂರದ ನದಿಯನ್ನು ಬೇಡುವವರು ಹತ್ತಿರದ ಕೆರೆಯನ್ನು ಮೊದಲು ಕಾಪಾಡಿಕೊಳ್ಳಬೇಕು.